ಮೇ-ಜೂನ್‌ನಲ್ಲಿ ಹಿಮಾಲಯಕ್ಕೆ ಹೊರಟ್ರಾ? ಕರಗ್ತಿರೋ ಹಿಮ, ತುಂಬಿದ ಹಳ್ಳ, ಕೆಸರು ದಾರಿ ದಾಟೋಕೆ ಪುಣೆ-ಮುಂಬೈ ಕನ್ನಡದವರಿಗೆ ಒಂದು ಗೈಡ್

ಮಾರ್ಚ್ ಬಂತು ಅಂದ್ರೆ ನಮ್ಮ ಪುಣೆ-ಮುಂಬೈ ಕಡೆ ಕನ್ನಡದವರ ಮನೆಗಳಲ್ಲಿ ಹಿಮಾಲಯದ ಮಾತು ಶುರು ಆಗುತ್ತೆ, ಯಾಕಂದ್ರೆ ಮಕ್ಕಳಿಗೆ ಏಪ್ರಿಲ್ ಕೊನೆ-ಮೇ ಶುರುವಿನಿಂದ ಜೂನ್ ಮಧ್ಯದವರೆಗೆ ರಜೆ, ಇಲ್ಲಿ ಸೆಖೆ ತಡೆಯೋಕೆ ಆಗಲ್ಲ, ಆಫೀಸಲ್ಲೂ ಆಗಲೇ ಲೀವ್ ಸಿಗೋದು. ಹಾಗಾಗಿ ನಮ್ಮಲ್ಲಿ ಬಹಳ ಜನ ಹೋಗೋದು ಸೀಸನ್ನಿನ ಶುರುವಿನಲ್ಲೇ, ಅಂದ್ರೆ ಮೇಲಿನ ಪಾಸ್‌ಗಳಲ್ಲಿ (ಬೆಟ್ಟದ ಸಾಲು ದಾಟೋ ಎತ್ತರದ ದಾರಿ) ಇನ್ನೂ ಹಿಮ ಕೂತಿರೋವಾಗ, ಕೆಳಗೆ ಅದೇ ಹಿಮ ಕರಗಿ ದಾರಿಯೆಲ್ಲ ನೀರಾಗಿರೋವಾಗ. ಫೋಟೋ ಅದ್ಭುತವಾಗಿ ಬರುತ್ತೆ ನಿಜ, ಆದ್ರೆ ಸೆಪ್ಟೆಂಬರಲ್ಲಿ ಹೋದವರು ಹೇಳೋ ಟ್ರೆಕ್ಕೇ ಬೇರೆ, ನೀವು ನಡೆಯೋ ಟ್ರೆಕ್ಕೇ ಬೇರೆ. ಅದೇ ಹಮ್ತಾ ಪಾಸ್, ಅದೇ ರೂಪಿನ್, ಆದ್ರೆ ಕಾಲಡಿ ನೆಲ ಬೇರೆ.

ಈ ಸಮಯದ ಟ್ರೆಕ್‌ಗೆ ಫಿಟ್‌ನೆಸ್ ಬೇಕು, ಸಾಮಾನೂ ಬೇಕು, ಆದ್ರೆ ಅದಕ್ಕಿಂತ ಮೊದಲು ಬೇಕಾಗಿರೋದು ಗಡಿಯಾರ ನೋಡಿ ನಡೆಯೋ ಅಭ್ಯಾಸ. ಬೆಳಗ್ಗೆ ಗಟ್ಟಿಯಿದ್ದ ಹಿಮ ಮಧ್ಯಾಹ್ನ ಮೆತ್ತಗಾಗಿ ತೊಡೆ ತನಕ ಒಳಗೆ ಎಳ್ಕೊಳ್ಳುತ್ತೆ, ಬೆಳಗ್ಗೆ ಮೊಣಕಾಲಿನ ಕೆಳಗಿದ್ದ ಹಳ್ಳ ಸಂಜೆ ಹೊತ್ತಿಗೆ ಸೊಂಟಕ್ಕೆ ಬರುತ್ತೆ. ಎರಡಕ್ಕೂ ಕಾರಣ ಒಂದೇ ಬಿಸಿಲು. ಇದೊಂದು ತಲೆಯಲ್ಲಿ ಕೂತ್ರೆ ಕೆಳಗೆ ಬರೆದಿರೋದೆಲ್ಲ ತಾನಾಗೇ ಅರ್ಥ ಆಗುತ್ತೆ.

ಮೊದಲು ವಾರ ಆರಿಸಿ, ಆಮೇಲೆ ಟ್ರೆಕ್

ಎಲ್ಲರೂ ಮಾಡೋದು ಉಲ್ಟಾ, ಟ್ರೆಕ್ ಆರಿಸಿ ರಜೆ ಸಿಕ್ಕಿದ ವಾರಕ್ಕೆ ಬುಕ್ ಮಾಡಿಬಿಡ್ತಾರೆ. ನಿಮ್ಮ ರಜೆ ಯಾವ ವಾರ ಅಂತ ಗಟ್ಟಿಯಾದ ಮೇಲೆ ಆ ವಾರದಲ್ಲಿ ಯಾವ ಎತ್ತರದ ತನಕ ಹೋಗಬಹುದು ಅಂತ ನೋಡಿ. ಮೇ ಮೊದಲರ್ಧದಲ್ಲಿ ಹೊಸಬರಿಗೆ 3,600 ಮೀಟರ್ ಒಳಗಿನ ದಾರಿಗಳೇ ಸರಿ, ಹರ್-ಕಿ-ದೂನ್ ಥರ ಕಣಿವೆ ಹಿಡಿದು ಹೋಗೋ ಟ್ರೆಕ್ ಒಳ್ಳೇದು, ಅದು ಸುಮಾರು 3,566 ಮೀಟರ್, ಪಾಸ್ ದಾಟೋ ಗೋಜಿಲ್ಲ, ಹಿಮ ಜಾಸ್ತಿ ಸಿಕ್ರೆ ಬಂದ ದಾರಿಯಲ್ಲೇ ವಾಪಸ್ ಬರಬಹುದು. ಮೇ ಕೊನೆಗೆ ಕಸೋಲ್ ಕಡೆಯ ಸಾರ್ ಪಾಸ್, ಜೂನ್ ಎರಡನೇ ವಾರದ ಮೇಲೆ ಮನಾಲಿ ಕಡೆಯ ಹಮ್ತಾ ಪಾಸ್ ಅಥವಾ ಭೃಗು ಲೇಕ್ ಯೋಚನೆ ಮಾಡಬಹುದು, ಇವು ಮೂರೂ 4,200 ಮೀಟರ್ ಆಸುಪಾಸಿನವು. ರೂಪಿನ್ ಪಾಸ್ 4,600 ಮೀಟರ್ ಮೇಲೆ ಹೋಗುತ್ತೆ, ಪಾಸ್ ಹತ್ರದ ಕಡಿದಾದ ಹಿಮದ ಓಣಿ ಹತ್ತಿದ್ರೇನೇ ಆ ಕಡೆ, ಅದನ್ನ ಮೊದಲನೇ ಹಿಮಾಲಯ ಟ್ರೆಕ್ ಆಗಿ ಮಾಡಬೇಡಿ ಅಂತಲೇ ನನ್ನ ಸಲಹೆ, ಯಾರು ಏನೇ ಹೇಳಲಿ. ಇನ್ನೊಂದು ಕಡೆಯಿಂದ ಮಳೆಗಾಲ ತಳ್ಕೊಂಡು ಬರ್ತಿರುತ್ತೆ, ಜೂನ್ ಕೊನೆ ವಾರಕ್ಕೆ ಸಾಮಾನ್ಯವಾಗಿ ಹಿಮಾಚಲ-ಉತ್ತರಾಖಂಡಕ್ಕೂ ಮುಂಗಾರು ಮುಟ್ಟುತ್ತೆ, ಹಾಗಾಗಿ ಸಿಗೋ ಸಮಯ ಚಿಕ್ಕದು.

ಆ ವರ್ಷ ಹಿಮ ಎಷ್ಟಿದೆ ಅಂತ ಮನೆಯಲ್ಲೇ ಕೂತು ನೋಡೋಕೆ ಒಂದು ದಾರಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್‌ನಲ್ಲಿ ಫ್ರೀಯಾಗಿ ಸಿಗುತ್ತವೆ, ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ ಬರುತ್ತೆ. ನಿಮ್ಮ ಪಾಸ್ ಹುಡುಕಿ, ಮೋಡ ಕಡಿಮೆ ಇರೋ ದಿನದ ಚಿತ್ರ ತೆಗೆದು, ಹಿಮದ ಗೆರೆ ಎಲ್ಲಿಗೆ ಇಳಿದಿದೆ ನೋಡಿ, ಹೋದ ವರ್ಷ ಅದೇ ವಾರದ ಚಿತ್ರದ ಪಕ್ಕ ಇಟ್ಟು ನೋಡಿ. ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ (ಪಶ್ಚಿಮದಿಂದ ಬಂದು ಮಳೆ-ಹಿಮ ಸುರಿಸೋ ಹವೆ) ಒಂದರ ಹಿಂದೆ ಒಂದು ಬಂದಿದ್ರೆ ಹಿಮ ತಡವಾಗಿ ಕರಗುತ್ತೆ, ಆ ವರ್ಷ ಒಂದೆರಡು ವಾರ ಮುಂದಕ್ಕೆ ಹಾಕೋದು ಉತ್ತಮ. ಹೊರಡೋ ಹಿಂದಿನ ವಾರದಿಂದ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ದಿನಾ ನೋಡಿ, ಆರೆಂಜ್ ಅಲರ್ಟ್ ಇದ್ರೆ ಬೇಸ್ ಹಳ್ಳಿಯಲ್ಲೇ ಒಂದು ದಿನ ಕೂತು ಬಿಡಿ. ಅದಕ್ಕೇ ಪ್ಲಾನಲ್ಲಿ ಕನಿಷ್ಠ ಒಂದು, ಆಗೋದಾದ್ರೆ ಎರಡು ಖಾಲಿ ದಿನ ಇರಲೇಬೇಕು. ಟ್ರೆಕ್ ಮುಗಿದ ದಿನ ಸಂಜೆಗೇ ದಿಲ್ಲಿ ಫ್ಲೈಟ್ ಬುಕ್ ಮಾಡಿದವರು ಕೆಟ್ಟ ಹವಾಮಾನದಲ್ಲೂ ಪಾಸ್ ಹತ್ತೋಕೆ ನೋಡ್ತಾರೆ, ಅಪಾಯ ಶುರು ಆಗೋದೇ ಅಲ್ಲಿಂದ.

ತಯಾರಿ: ಸಹ್ಯಾದ್ರಿಯಲ್ಲೇ ಆಗುತ್ತೆ

ಪುಣೆಯವರಿಗೆ ಈ ವಿಷಯದಲ್ಲಿ ಅದೃಷ್ಟ, ಮನೆ ಬಾಗಿಲಲ್ಲೇ ಸಿಂಹಗಡ. ಆತಕರವಾಡಿ ಕಡೆಯಿಂದ ಹತ್ತೋ ಕಾಲುದಾರಿ ಸುಮಾರು 600 ಮೀಟರ್ ಏರು, ವಾರಕ್ಕೊಮ್ಮೆ 8-10 ಕೆಜಿ ಬ್ಯಾಗ್ ಹಾಕ್ಕೊಂಡು ಬೆಳಕು ಹರಿಯೋ ಮುಂಚೆ ಹತ್ತಿ, ಮೇಲೆ ಮಡಕೆ ಮೊಸರು ತಿಂದು ಇಳಿದು ಬನ್ನಿ. ಇಳಿಯೋದನ್ನ ಮಾತ್ರ ಗಾಡಿಯಲ್ಲಿ ಮಾಡಬೇಡಿ, ಹಿಮಾಲಯದಲ್ಲಿ ಮೊಣಕಾಲು ಕೈ ಕೊಡೋದು ಇಳಿಯೋವಾಗಲೇ. ವಾರದ ದಿನಗಳಲ್ಲಿ ವೇತಾಳ ಟೇಕಡಿ ಅಥವಾ ಪರ್ವತಿ ಮೆಟ್ಟಿಲು ಸಾಕು. ಮುಂಬೈಯವರು ಬೊರಿವಲಿ ನ್ಯಾಷನಲ್ ಪಾರ್ಕ್‌ನಲ್ಲಿ ಕಾನ್ಹೇರಿ ತನಕ ನಡೆದು, ತಿಂಗಳಿಗೆ ಒಂದೆರಡು ಸಲ ಕರ್ಜತ್-ಲೋಣಾವಳಾ ಕಡೆ ರಾಜಮಾಚಿಗೋ, ಸ್ವಲ್ಪ ದೂರ ಅಂದ್ರೆ ಕಳಸೂಬಾಯಿಗೋ ಹೋಗಿ ಬರಬಹುದು, 1,646 ಮೀಟರಿನ ಕಳಸೂಬಾಯಿ ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ತೋರಣಾ, ರಾಜಗಡ ಕಡೆ ಒಣ ಮಣ್ಣು, ಚಿಕ್ಕ ಕಲ್ಲು ಉರುಳೋ ಇಳಿಜಾರು ಇರುತ್ತಲ್ಲ, ಮರಾಠಿ ಟ್ರೆಕರ್‌ಗಳು ಘಸಾರಾ ಅಂತಾರೆ, ಅದರಲ್ಲಿ ಇಳಿಯೋ ಅಭ್ಯಾಸ ಮಾಡ್ಕೊಳ್ಳಿ. ಅಲ್ಲಿ ಭಯಕ್ಕೆ ಹಿಂದಕ್ಕೆ ಒರಗಿದವರೇ ಜಾರೋದು, ಮೈಯನ್ನ ಪಾದದ ಮೇಲೆ ನೆಟ್ಟಗೆ ತಂದು ಹಿಮ್ಮಡಿ ಊರಿದವರು ನಿಲ್ತಾರೆ. ಹಿಮದಲ್ಲಿ ಇಳಿಯೋದೂ ಇದೇ. ಕೆಸರು, ಪಾಚಿ, ಹಳ್ಳದ ಅಭ್ಯಾಸಕ್ಕೆ ಹಿಂದಿನ ಮಳೆಗಾಲವನ್ನೇ ಬಳಸ್ಕೊಳ್ಳಿ, ಜುಲೈ-ಆಗಸ್ಟ್‌ನಲ್ಲಿ ಇಡೀ ದಿನ ಒದ್ದೆ ಶೂನಲ್ಲಿ ನಡೆದು ನೋಡಿ, ನಿಮ್ಮ ಕಾಲಿಗೆ ಎಲ್ಲಿ ಗುಳ್ಳೆ ಬರುತ್ತೆ ಅಂತ ಅಲ್ಲೇ ಗೊತ್ತಾಗಲಿ. ಆದ್ರೆ ಜೋರು ಮಳೆ ಹೊತ್ತಲ್ಲಿ ಜಿಲ್ಲಾಡಳಿತ ಕೆಲವು ಕೋಟೆ, ಜಲಪಾತಗಳಿಗೆ ಪ್ರವೇಶ ನಿಷೇಧ ಹಾಕಿರುತ್ತೆ, ಅದನ್ನ ಮೀರಿ ಹೋಗಬೇಡಿ.

ಬ್ಯಾಗ್‌ನಲ್ಲಿ ಏನು

ಪೂರ್ತಿ ಲಿಸ್ಟ್ ಎಲ್ಲ ಕಡೆ ಸಿಗುತ್ತೆ, ಸೀಸನ್ ಶುರುವಿನಲ್ಲಿ ನಿಜಕ್ಕೂ ವ್ಯತ್ಯಾಸ ಮಾಡೋ ಸಾಮಾನಿನ ಬಗ್ಗೆ ಮಾತ್ರ ಬರೀತೀನಿ.

ಶೂ. ನಮ್ಮ ಸಹ್ಯಾದ್ರಿಯ ಬಂಡೆ ಮೇಲೆ ಚೆನ್ನಾಗಿ ಹಿಡಿಯೋ ಕಡಿಮೆ ಎತ್ತರದ ಶೂ ಹಿಮಕ್ಕೆ ಸಾಲಲ್ಲ, ಕಣಕಾಲು ಮುಚ್ಚೋ, ತಳ ಗಟ್ಟಿಯಿರೋ, ತುದಿಯಿಂದ ಹಿಮಕ್ಕೆ ಒದ್ರೆ ಮಡಚ್ಕೊಳ್ಳದ ಶೂ ಬೇಕು. ವಾಟರ್‌ಪ್ರೂಫ್ ಅಂತ ಬರೆದಿದ್ರೆ ಒಳ್ಳೇದು, ಆದ್ರೆ ಅದರ ಮೇಲೆ ಪೂರ್ತಿ ನಂಬಿಕೆ ಇಡಬೇಡಿ, ಮೇಲಿಂದ ಒಂದು ಸಲ ನೀರು ಹೊಕ್ರೆ ಅದೇ ಪೊರೆ ನೀರನ್ನ ಹೊರಗೆ ಬಿಡಲ್ಲ, ಮಾಮೂಲಿ ಶೂಗಿಂತ ಒಣಗೋದು ತಡ. ಹಿಮ, ಕೆಸರು ಮೇಲಿಂದ ಒಳಗೆ ಬೀಳದ ಹಾಗೆ ಗೇಟರ್, ಅಂದ್ರೆ ಶೂ ಮೇಲಿಂದ ಕಾಲಿಗೆ ಸುತ್ತೋ ಕವಚ, ಹಾಕಿ. ಕೊಂಡ ಶೂನಲ್ಲಿ ಕನಿಷ್ಠ ಎರಡು ತಿಂಗಳು ಸಿಂಹಗಡ ಹತ್ತಿರಬೇಕು.

ಸಾಕ್ಸ್ ವಿಷಯದಲ್ಲಿ ಕಂಜೂಸ್ ಮಾಡಬೇಡಿ. ನಡೆಯೋಕೆ ಉಣ್ಣೆಯದ್ದು ಅಥವಾ ಉಣ್ಣೆ ಮಿಶ್ರಿತ ಎರಡು-ಮೂರು ಜೊತೆ, ಅದಲ್ಲದೆ ಮಲಗೋಕೆ ಅಂತಲೇ ದಪ್ಪದ್ದು ಒಂದು ಜೊತೆ. ಆ ಮಲಗೋ ಸಾಕ್ಸನ್ನ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಡಿ, ಏನೇ ಆದ್ರೂ ಹಗಲು ಮುಟ್ಟಬೇಡಿ. ಕಾಟನ್ ಬಟ್ಟೆ ಒಂದನ್ನೂ ತರಬೇಡಿ, ಬನಿಯನ್ ಕೂಡ ಪಾಲಿಯೆಸ್ಟರ್ ಇರಲಿ, ಜೀನ್ಸ್ ಅಂತೂ ಮನೆಯಲ್ಲೇ ಬಿಡಿ. ಒದ್ದೆ ಕಾಟನ್ ಮೈ ಶಾಖವನ್ನೆಲ್ಲ ಹೀರಿಬಿಡುತ್ತೆ, ಅಲ್ಲಿ ಪ್ರತಿ 1,000 ಮೀಟರ್ ಏರಿಗೆ ಸುಮಾರು 6-6.5 ಡಿಗ್ರಿ ಚಳಿ ಜಾಸ್ತಿ ಆಗುತ್ತೆ ಅನ್ನೋದು ನೆನಪಿರಲಿ.

ರಕ್‌ಸ್ಯಾಕ್‌ನ ರೇನ್ ಕವರ್ ಮಾತ್ರ ನಂಬ್ಕೊಂಡು ಹೋಗಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ, ಜೋರು ಗಾಳಿಗೆ ಕವರೇ ಹಾರಿ ಹೋಗುತ್ತೆ. ಪುಣೆಯ ರವಿವಾರ ಪೇಠೆಯಲ್ಲೋ ಮುಂಬೈನ ಕ್ರಾಫರ್ಡ್ ಮಾರ್ಕೆಟ್ ಕಡೆಯೋ ದಪ್ಪದ ದೊಡ್ಡ ಪ್ಲಾಸ್ಟಿಕ್ ಚೀಲ ತಗೊಂಡು ಬ್ಯಾಗಿನ ಒಳಗೇ ಇಟ್ಟು, ಅದರೊಳಗೆ ಸ್ಲೀಪಿಂಗ್ ಬ್ಯಾಗ್, ರಾತ್ರಿ ಬಟ್ಟೆ ತುಂಬಿ ಬಾಯಿ ತಿರುಚಿ ಮಡಚಿ. ಖರ್ಚು ಏನೂ ಇಲ್ಲ, ಹಳ್ಳದಲ್ಲಿ ಬಿದ್ರೂ ರಾತ್ರಿ ಒಣಗಿದ ಜಾಗದಲ್ಲಿ ಮಲಗ್ತೀರಿ. ಸ್ಲೀಪಿಂಗ್ ಬ್ಯಾಗ್ ಕೊಳ್ಳೋವಾಗ ಕಂಫರ್ಟ್ ಅಂತ ಬರೆದಿರೋ ಡಿಗ್ರಿ ನೋಡಿ, ಲಿಮಿಟ್ ಅಂತ ಇರೋದನ್ನಲ್ಲ. ಗರಿ ತುಂಬಿದ ಬ್ಯಾಗ್ ಹಗುರ, ಬೆಚ್ಚಗೆ, ಆದ್ರೆ ಒದ್ದೆ ಆದ್ರೆ ಕೆಲಸಕ್ಕೆ ಬರಲ್ಲ. ಈ ಸೀಸನ್‌ಗೆ ಸಿಂಥೆಟಿಕ್ ಭಾರ ಅನ್ನಿಸಿದ್ರೂ ನಿಶ್ಚಿಂತೆ.

ಕಪ್ಪು ಕನ್ನಡಕ ಫ್ಯಾಶನ್‌ಗೆ ಅಂತ ತಿಳ್ಕೊಬೇಡಿ. ಹೊಸ ಹಿಮ ಬಿಸಿಲಿನ ಯುವಿಯನ್ನ 80 ಪರ್ಸೆಂಟ್ ತನಕ ವಾಪಸ್ ಎರಚುತ್ತೆ, ಎತ್ತರಕ್ಕೆ ಹೋದಷ್ಟೂ ಯುವಿ ಜಾಸ್ತಿ, ಅರ್ಧ ದಿನ ಬರಿಗಣ್ಣಲ್ಲಿ ನಡೆದ್ರೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದಂಗೆ ಉರಿದು ಕಣ್ಣು ಬಿಡೋಕೇ ಆಗಲ್ಲ. ಪಕ್ಕದಿಂದಲೂ ಬೆಳಕು ಬರದ ಕೆಟಗರಿ 3 ಅಥವಾ 4 ಗ್ಲಾಸ್ ಬೇಕು, ಮಕ್ಕಳಿಗೂ ಬೇಕು. ಸನ್‌ಸ್ಕ್ರೀನನ್ನ ಮೂಗಿನ ಕೆಳಗೆ, ಗದ್ದದ ಕೆಳಗೆ, ಕಿವಿಗೆ ಕೂಡ ಹಚ್ಚಿ, ಯಾಕಂದ್ರೆ ಬಿಸಿಲು ಕೆಳಗಿಂದಲೂ ಬರ್ತಿರುತ್ತೆ.

ಮೈಕ್ರೋಸ್ಪೈಕ್ (ಶೂ ತಳಕ್ಕೆ ಸಿಕ್ಕಿಸೋ ಸಣ್ಣ ಮುಳ್ಳಿನ ಸರಪಳಿ), ಎರಡು ಟ್ರೆಕಿಂಗ್ ಪೋಲ್ ಇರಲಿ. ಮೈಕ್ರೋಸ್ಪೈಕ್ ಗಟ್ಟಿ ಹಿಮದ ಸಾಧಾರಣ ಇಳಿಜಾರಿಗೆ ಮಾತ್ರ, ಕಡಿದಾದ ಐಸ್‌ಗೆ ಅದು ಉದ್ದ ಮುಳ್ಳಿನ ಕ್ರ್ಯಾಂಪಾನ್ ಆಗಲ್ಲ. ಪ್ಯಾಕಿಂಗ್‌ನಲ್ಲಿ ಇನ್ನೆರಡು: ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲೂ ಬಿಡಲ್ಲ ರೈಲಲ್ಲೂ ಬಿಡಲ್ಲ, ಅಲ್ಲೇ ಹೋಗಿ ಕೊಳ್ಳಿ. ಮತ್ತೆ ಫಾರಿನ್‌ನಿಂದ ಅಣ್ಣನೋ ಅಕ್ಕನೋ ತಂದುಕೊಟ್ಟ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಇದ್ರೆ ಮನೆಯಲ್ಲೇ ಬಿಡಿ, ಪರವಾನಗಿ ಇಲ್ಲದೆ ಭಾರತದಲ್ಲಿ ಅದನ್ನ ಇಟ್ಕೊಳ್ಳೋದು ಅಪರಾಧ, ಏರ್‌ಪೋರ್ಟಲ್ಲೇ ಹಿಡೀತಾರೆ.

ತಿಂಡಿ ಬಗ್ಗೆ ಖುಷಿಯಿಂದ ಬರೀತೀನಿ, ಯಾಕಂದ್ರೆ ಇದರಲ್ಲಿ ನಮ್ಮ ಊರಿನವರನ್ನ ಮೀರಿಸೋರಿಲ್ಲ. ಖಡಕ್ ಜೋಳದ ರೊಟ್ಟಿ ಕೆಡಲ್ಲ, ಹಗುರ, ಶೇಂಗಾ ಚಟ್ನಿಪುಡಿ ಜೊತೆ ಎಲ್ಲಿ ಬೇಕಾದ್ರೂ ಕೂತು ತಿನ್ನಬಹುದು. ಅಂಟಿನುಂಡಿ ಒಂದು ಬಾಯಿಗೆ ಹಾಕ್ಕೊಂಡ್ರೆ ಬೆಲ್ಲ, ಕೊಬ್ಬರಿ, ತುಪ್ಪ, ಖಾರೀಕು ಎಲ್ಲ ಒಟ್ಟಿಗೆ ಹೊಟ್ಟೆಗೆ ಹೋಗುತ್ತೆ, ಚಳಿಯಲ್ಲಿ ಗಟ್ಟಿ ಆಗೋ ಅಂಗಡಿ ಚಾಕ್ಲೇಟ್ ಬಾರ್‌ಗಿಂತ ನನಗೆ ಇದೇ ಮೇಲು. ಹಮ್ತಾ ದಾರಿಯಲ್ಲಿ ನಮ್ಮ ಜೊತೆ ಬಂದಿದ್ದ ಡೊಂಬಿವಲಿಯ ಅಕ್ಕ ಒಬ್ಬರು ದಿನಕ್ಕೆ ಇಷ್ಟು ಅಂತ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಆ ದಿನದ ಪೊಟ್ಟಣವನ್ನ ಜಾಕೆಟ್ ಜೇಬಲ್ಲೇ ಇಟ್ಕೊಂಡಿದ್ರು, ಚಳಿಗೆ ಬ್ಯಾಗ್ ಇಳಿಸೋಕೆ ಬೇಜಾರಾಗಿ ಬೇರೆಯವರೆಲ್ಲ ಹಸಿದು ನಡೀತಿದ್ರೆ ಇವರು ಗಂಟೆಗೊಂದು ತುಂಡು ತಿಂತಾ ಆರಾಮಾಗಿ ನಡೀತಿದ್ರು. ನೀವೂ ಹಾಗೇ ಮಾಡಿ. ಬೇಯಿಸೋದಾದ್ರೆ ಗೊತ್ತಿರಲಿ, 4,000 ಮೀಟರ್‌ನಲ್ಲಿ ನೀರು 86-87 ಡಿಗ್ರಿಗೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಲ್ಲ. ಅವಲಕ್ಕಿ, ಸಜ್ಜಿಗೆ ರವೆ, ಹುರಿದ ಶಾವಿಗೆ ತಗೊಂಡು ಹೋಗಿ.

ಎತ್ತರಕ್ಕೆ ನಿಧಾನ

ಗೋವಾ, ಮುಂಬೈಯವರು ಸಮುದ್ರ ಮಟ್ಟದಿಂದ ವಿಮಾನ ಹತ್ತಿ ಮರುದಿನ ಮನಾಲಿ ದಾಟಿಬಿಡ್ತಾರೆ, ದೇಹಕ್ಕೆ ಏನಾಗ್ತಿದೆ ಅಂತಲೇ ಗೊತ್ತಾಗಲ್ಲ. ಈ ವಿಷಯದಲ್ಲಿ ರೈಲು ಒಳ್ಳೇದು ಅಂತ ನನ್ನ ಅಭಿಪ್ರಾಯ, ವಾಸ್ಕೋದಿಂದ ಹೊರಡೋ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿ, ಪುಣೆ ಹಾದು ನಿಜಾಮುದ್ದೀನ್‌ಗೆ ಹೋಗುತ್ತೆ, ಮೂರೂ ಕಡೆಯ ಗೆಳೆಯರು ಒಂದೇ ಬೋಗಿಯಲ್ಲಿ ಸೇರಬಹುದು, ರಾತ್ರಿ ನಿದ್ದೆಯೂ ಆಗುತ್ತೆ. ಮನಾಲಿಯಲ್ಲೋ, ಹರ್-ಕಿ-ದೂನ್ ಟ್ರೆಕ್ ಶುರುವಾಗೋ ಸಾಂಕ್ರಿಯಲ್ಲೋ, ಅಂದ್ರೆ 2,000 ಮೀಟರ್ ಹತ್ತಿರ, ಒಂದು ಪೂರ್ತಿ ದಿನ ಇರಿ. 3,000 ಮೀಟರ್ ಮೇಲೆ ಮಲಗೋ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಂದು ವಿಶ್ರಾಂತಿ ದಿನ. ತಲೆನೋವಿನ ಜೊತೆ ವಾಂತಿ ಬಂದಂಗಾಗೋದು, ಊಟ ಸೇರದೇ ಇರೋದು ಶುರುವಾದ್ರೆ ಇನ್ನೂ ಮೇಲೆ ಹೋಗಬೇಡಿ. ಕೂತಾಗಲೂ ಉಸಿರು ಕಟ್ಟೋದು, ಕೆಮ್ಮು, ನೇರ ಗೆರೆ ಮೇಲೆ ನಡೆಯೋಕೆ ಆಗದೇ ತೂರಾಡೋದು ಕಂಡ್ರೆ ಮಧ್ಯರಾತ್ರಿ ಆದ್ರೂ ಕೆಳಗೆ ಇಳಿಸಬೇಕು, ಅದಕ್ಕಿಂತ ದೊಡ್ಡ ಔಷಧಿ ಇಲ್ಲ. ಎತ್ತರದ ತೊಂದರೆಗೆ ಅಂತ ಡಯಾಮಾಕ್ಸ್ ಮಾತ್ರೆ ತಗೊಳ್ಳೋದಾದ್ರೆ ಹೊರಡೋ ಮುಂಚೆ ನಿಮ್ಮ ಡಾಕ್ಟರ್ ಹತ್ರ ಕೇಳಿ, ಅದರಲ್ಲೂ ಸಲ್ಫಾ ಅಲರ್ಜಿ ಇರೋರು ಕೇಳದೇ ಮುಟ್ಟಬೇಡಿ.

ಹಿಮದ ಮೇಲೆ ಕಾಲಿಡೋದು

ಪಾಸ್ ದಾಟೋ ದಿನ ಬೆಳಗಿನ ಜಾವ 4-5 ಗಂಟೆಗೆ ಕ್ಯಾಂಪ್ ಬಿಡಿ, 10-11ಕ್ಕೆ ಮೇಲಿರಬೇಕು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು-ಮಿಂಚು ಬರೋದು ಅಲ್ಲಿ ಮಾಮೂಲು. ಎಷ್ಟು ಗಂಟೆಗೆ ಎಲ್ಲೇ ಇದ್ರೂ ತಿರುಗಬೇಕು ಅಂತ ಹಿಂದಿನ ರಾತ್ರಿಯೇ ಎಲ್ಲರೂ ಕೂತು ನಿರ್ಧಾರ ಮಾಡಿ. ಇದರಲ್ಲಿ ಒಂದು ಸೂಕ್ಷ್ಮ ಇದೆ, ರಾತ್ರಿ ಆಕಾಶ ತಿಳಿಯಾಗಿದ್ರೆ ಹಿಮ ಚೆನ್ನಾಗಿ ಹೆಪ್ಪುಗಟ್ಟಿ ಬೆಳಗ್ಗೆ ಗಟ್ಟಿ ಸಿಗುತ್ತೆ, ರಾತ್ರಿಯೆಲ್ಲ ಮೋಡ ಮುಚ್ಚಿದ್ರೆ ಶಾಖ ಹೊರಗೆ ಹೋಗದೆ ಬೆಳಗ್ಗೆಯೇ ಮೆತ್ತಗಿರುತ್ತೆ. ಹಾಗಾಗಿ ರಾತ್ರಿ ಎದ್ದಾಗ ಒಮ್ಮೆ ಆಕಾಶ ನೋಡಿ, ನಕ್ಷತ್ರ ಕಂಡ್ರೆ ನಾಳೆ ಬೆಳಗ್ಗೆ ಕಾಲು ನಿಲ್ಲುತ್ತೆ. ಇನ್ನೊಂದು, ಪಾಸ್‌ನ ಆ ಕಡೆ ಇಳಿಜಾರು ನೆರಳಲ್ಲಿದ್ರೆ ತೀರಾ ಬೇಗ ತಲುಪಿದ್ರೂ ಕಷ್ಟ, ಗಾಜಿನಂಥ ಐಸ್ ಇರುತ್ತೆ, ಹಮ್ತಾದಿಂದ ಆಚೆಯ ಶಿಯಾಗೋರು ಕ್ಯಾಂಪ್ ಕಡೆ ಇಳಿಯೋದು ಕಡಿದಾಗಿದೆ, ಅಂಥ ಕಡೆ ಮೇಲಿನ ಪದರ ಸ್ವಲ್ಪ ಸಡಿಲ ಆಗೋ ತನಕ ಕಾಯೋದೇ ವಾಸಿ.

ಹತ್ತೋವಾಗ ಶೂ ತುದಿಯಿಂದ ಹಿಮಕ್ಕೆ ಒದ್ದು ಮೆಟ್ಟಿಲು ಮಾಡ್ಕೊಳ್ಳಬೇಕು. ಮೊಣಕಾಲಿನಿಂದ ಕೆಳಗಿನ ಕಾಲನ್ನ ಸುಮ್ನೆ ತೂಗಿ ಒಂದು ಸಲ, ಎರಡು ಸಲ ಹೊಡೀರಿ, ಅರ್ಧ ಪಾದ ಒಳಗೆ ಹೋಯ್ತು, ತಳ ಸ್ವಲ್ಪ ಒಳಕ್ಕೇ ವಾಲಿದೆ ಅನ್ನಿಸಿದ ಮೇಲೆ ನಿಧಾನವಾಗಿ ಭಾರ ಹಾಕಿ, ಆಮೇಲೆ ಇನ್ನೊಂದು ಕಾಲು. ಮುಂದಿನವರು ಮಾಡಿದ ಮೆಟ್ಟಿಲಲ್ಲೇ ಹಿಂದಿನವರು ಇಟ್ರೆ ಎಲ್ಲರಿಗೂ ಶ್ರಮ ಉಳಿಯುತ್ತೆ, ಮುಂದೆ ಹೋಗೋರು ಆಗಾಗ ಬದಲಾಗ್ತಾ ಇರಿ, ಗುಂಪಿನಲ್ಲಿ ಗಿಡ್ಡ ಇರೋರ ಹೆಜ್ಜೆ ಅಳತೆಗೆ ಮೆಟ್ಟಿಲು ಮಾಡಿ. ಅಡ್ಡ ದಾಟೋವಾಗ ಶೂನ ಗುಡ್ಡದ ಕಡೆಯ ಅಂಚಿನಿಂದ ಹಿಮ ಕೊಯ್ದಂಗೆ ಊರಿ. ಇಳಿಯೋವಾಗ ಘಸಾರಾದಲ್ಲಿ ಕಲಿತದ್ದೇ, ಹಿಮ್ಮಡಿ ಮೊದಲು, ಮೊಣಕಾಲು ಸ್ವಲ್ಪ ಸಡಿಲ, ಮೈ ನೆಟ್ಟಗೆ. ಪೋಲ್‌ನ ಪಟ್ಟಿ ಮಣಿಕಟ್ಟಿಗೆ ಸಿಕ್ಕಿಸ್ಕೊಬೇಡಿ, ಬಿದ್ದಾಗ ಕೈ ಉಳುಕುತ್ತೆ.

ಜಾರಿದ್ರೆ ತಡ ಮಾಡದೆ ಬೋರಲು ಮಲಗಿ, ಕೈ ಊರಿ ಎದೆ ಎತ್ತಿ, ಶೂ ತುದಿ ಹಿಮಕ್ಕೆ ಒತ್ತಿ ನಿಲ್ಲಿಸಿ. ಆದ್ರೆ ಸ್ಪೈಕ್ ಹಾಕಿದ್ರೆ ಪಾದ ಎತ್ತಿ ಮೊಣಕಾಲು ಒತ್ತಬೇಕು, ಇಲ್ಲಾಂದ್ರೆ ಸ್ಪೈಕ್ ಸಿಕ್ಕಿ ಪಲ್ಟಿ ಹೊಡೀತೀರಿ. ಇದನ್ನ ಮೊದಲ ದಿನ ಸಿಗೋ ಸಣ್ಣ, ಕೆಳಗೆ ಬಂಡೆಯಿಲ್ಲದ ಹಿಮದ ದಿಬ್ಬದಲ್ಲಿ ನಾಲ್ಕಾರು ಸಲ ಮಾಡಿ ನೋಡಿ, ಗೈಡ್ ಭಯ್ಯಾ ಹತ್ರ ಕೇಳಿದ್ರೆ ಖುಷಿಯಿಂದ ಹೇಳಿಕೊಡ್ತಾರೆ. ಕೂತು ಜಾರೋ ಆಸೆ ಎಲ್ಲರಿಗೂ ಆಗುತ್ತೆ. ಕೆಳಗೆ ಎಲ್ಲಿ ನಿಲ್ತೀರಿ ಅಂತ ಪೂರ್ತಿ ಕಾಣ್ಬೇಕು, ಬಂಡೆ, ಹಳ್ಳ ಇರಬಾರದು, ಸ್ಪೈಕ್ ಬಿಚ್ಚಿರಬೇಕು. ಸ್ಪೈಕ್ ಹಾಕ್ಕೊಂಡೇ ಜಾರಿದ್ರೆ ಕಣಕಾಲು ಮುರಿಯೋದು ಖಂಡಿತ ಅಂತಲೇ ತಿಳ್ಕೊಳ್ಳಿ.

ದೊಡ್ಡ ಬಂಡೆಗಳ ಸುತ್ತ ಹಿಮ ಒಳಗಿಂದ ಟೊಳ್ಳಾಗಿರುತ್ತೆ, ಬಿಸಿಲಿಗೆ ಬಂಡೆ ಕಾದು ಪಕ್ಕದ ಹಿಮ ಕರಗಿರುತ್ತೆ, ಮೇಲಿಂದ ಗೊತ್ತಾಗಲ್ಲ. ಕೂರೋಕೆ ಅಂತ ಬಂಡೆ ಹತ್ರ ಹೋಗೋವಾಗಲೇ ಜಾಸ್ತಿ ಜನ ಕಾಲು ಹೂಳ್ಕೊಳ್ಳೋದು. ಪೋಲ್‌ನಿಂದ ಚುಚ್ಚಿ ನೋಡಿ, ಒಂದು ಮಾರು ದೂರದಿಂದ ಸುತ್ತಿ ಹೋಗಿ. ಕಾಲು ಹೂತು ಹೋದ್ರೆ ಜಗ್ಗಬೇಡಿ, ಶೂ ಒಳಗೇ ಉಳಿಯುತ್ತೆ ಇಲ್ಲ ಮೊಣಕಾಲು ತಿರುಚುತ್ತೆ, ಸುತ್ತ ಕೈಯಿಂದ ಅಗೆದು ತೆಗೀರಿ. ಇದಕ್ಕಿಂತ ಅಪಾಯ ಹಿಮದ ಸೇತುವೆ, ಅಂದ್ರೆ ನಾಲೆಯ ಮೇಲೆ ಉಳಿದಿರೋ ಹಿಮದ ಚಪ್ಪರ. ಕೆಳಗೆ ನೀರಿನ ಸದ್ದು ಕೇಳಿಸ್ತಿದೆ, ಹಿಮ ನಡುವೆ ತಗ್ಗಿದೆ, ಬಣ್ಣ ಬೂದಾಗಿದೆ, ಬಿರುಕಿದೆ, ಇದರಲ್ಲಿ ಯಾವುದು ಕಂಡ್ರೂ ಮೇಲೋ ಕೆಳಗೋ ಬೇರೆ ಜಾಗ ಹುಡುಕಿ. ದಾಟಲೇಬೇಕಾದ್ರೆ ಬೆಳಗ್ಗೆ ಬೇಗ, ಒಬ್ಬೊಬ್ಬರಾಗಿ, ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿ. ಹಿಂದಿನ ದಿನ ಹೊಸ ಹಿಮ ಚೆನ್ನಾಗಿ ಬಿದ್ದಿದ್ರೆ ಕಡಿದಾದ ಇಳಿಜಾರಿನ ಕೆಳಗೆ ಒಂದೆರಡು ದಿನ ಹೋಗೋದೇ ಬೇಡ, ಹಿಮಕುಸಿತ ಆಗೋದು ಆಗಲೇ.

ಹಳ್ಳ ಮತ್ತೆ ಕೆಸರು

ಕರಗಿದ ನೀರಿನ ಹಳ್ಳ ಬೆಳಗಿನ ಜಾವ ಕಮ್ಮಿ ಇರುತ್ತೆ, ಮಧ್ಯಾಹ್ನ ಮೂರರ ಮೇಲೆ ಏರ್ತಾ ಹೋಗುತ್ತೆ. ಸಂಜೆ ತಲುಪಿದ್ರಿ, ನೀರು ಜೋರಿದೆ, ಹಾಗಾದ್ರೆ ಈಚೆ ದಡದಲ್ಲೇ ಟೆಂಟ್ ಹಾಕಿ, ಬೆಳಗ್ಗೆ ಅದೇ ಹಳ್ಳ ಸುಲಭ ಆಗಿರುತ್ತೆ. ಹಮ್ತಾದಲ್ಲಿ ಶಿಯಾಗೋರು ಹತ್ರದ ದಾಟು ಇದಕ್ಕೇ ಬೆಳಗ್ಗೆಗೆ ಇಟ್ಕೊಳ್ಳೋದು, ನೀರು ಕಾಲು ಮರಗಟ್ಟೋ ಅಷ್ಟು ತಣ್ಣಗಿರುತ್ತೆ.

ಎಲ್ಲಿ ದಾಟಬೇಕು ಅನ್ನೋದೇ ಮುಖ್ಯ. ಕಿರಿದಾದ ಜಾಗ ನೋಡೋಕೆ ಸುಲಭ ಅನ್ಸುತ್ತೆ, ಆದ್ರೆ ಅಲ್ಲಿ ಆಳ, ಸೆಳೆತ ಎರಡೂ ಜಾಸ್ತಿ. ಹರಡ್ಕೊಂಡು ಎರಡು-ಮೂರು ಕವಲಾಗಿ ಹರಿಯೋ ಅಗಲದ ಜಾಗ ಹುಡುಕಿ, ಕೆಳಗಡೆ ಜಲಪಾತ, ದೊಡ್ಡ ಬಂಡೆ ಇರಬಾರದು. ನೀರಿನೊಳಗೆ ಕಲ್ಲು ಉರುಳೋ ಗುಡುಗುಡು ಸದ್ದು ಕೇಳಿದ್ರೆ ಇಳಿಯಲೇಬೇಡಿ. ಸೊಂಟ-ಎದೆ ಬೆಲ್ಟ್ ಎರಡೂ ಬಿಚ್ಚಿ, ಬಿದ್ರೆ ಬ್ಯಾಗ್ ಬಿಟ್ಟು ಏಳೋ ಹಾಗಿರಬೇಕು. ಮುಖ ನೀರು ಬರೋ ಕಡೆ, ಪೋಲ್ ಮುಂದೆ ಊರಿ, ಪಕ್ಕಕ್ಕೆ ಸರೀತಾ ಹೋಗಿ, ಯಾವಾಗಲೂ ಎರಡು ಕಡೆ ಗಟ್ಟಿ ಊರಿದ್ದು ಒಂದನ್ನ ಮಾತ್ರ ಎತ್ತಿ. ಬರಿಗಾಲಲ್ಲಿ ಬೇಡ, ಮರಗಟ್ಟಿದ ಕಾಲಿಗೆ ಕಲ್ಲು ಕೊಯ್ದಿದ್ದೂ ತಿಳಿಯಲ್ಲ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಇದ್ರೆ ಸರಿ, ಇಲ್ಲಾಂದ್ರೆ ಸಾಕ್ಸ್ ಬಿಚ್ಚಿ ಶೂ ಹಾಕ್ಕೊಂಡೇ ದಾಟಿ, ಆಚೆ ಶೂ ನೀರು ಚೆಲ್ಲಿ ಒಣ ಸಾಕ್ಸ್ ಹಾಕಿ. ಮಕ್ಕಳು, ಹಗುರ ಇರೋರು ಮಧ್ಯ ಇರಲಿ, ಗಟ್ಟಿ ಇರೋರು ನೀರು ಬರೋ ಕಡೆ ನಿಂತು ಭುಜ ಹಿಡ್ಕೊಂಡು ಒಟ್ಟಿಗೆ ಸರೀರಿ. ಮೊಣಕಾಲು ಮೀರಿದ ಜೋರು ನೀರು ದೊಡ್ಡವರನ್ನೂ ಕೆಡವುತ್ತೆ.

ಕೆಸರಿನ ಬಗ್ಗೆ ಒಂದೇ ವಿನಂತಿ, ಶೂ ಕೊಳೆ ಆಗುತ್ತೆ ಅಂತ ಪಕ್ಕದ ಹುಲ್ಲಿನ ಮೇಲೆ ಹೋಗಬೇಡಿ, ದಾರಿ ಮಧ್ಯದಲ್ಲೇ ಕೆಸರು ತುಳ್ಕೊಂಡು ನಡೀರಿ. ಆಗ ತಾನೇ ಹಿಮದ ಅಡಿಯಿಂದ ಎದ್ದ ಬುಗ್ಯಾಲ್ (ಎತ್ತರದ ಹುಲ್ಲುಗಾವಲು) ಹುಲ್ಲು ಬಹಳ ಎಳೆಯದು, ಎಲ್ಲರೂ ಪಕ್ಕಕ್ಕೆ ಹೋಗಿ ಹೋಗಿ ಒಂದು ಕಾಲುದಾರಿ ಐದಾಗುತ್ತೆ. ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗೋದನ್ನೇ ನಿಲ್ಲಿಸಿದ್ದು ಸುಮ್ನೆ ಅಲ್ಲ.

ಸಂಜೆ ಕ್ಯಾಂಪ್‌ಗೆ ಬಂದ ಮೇಲೆ

ಚಹಾಕ್ಕಿಂತ ಮೊದಲು ಕಾಲು. ಒದ್ದೆ ಸಾಕ್ಸ್ ತೆಗೆದು ಬೆರಳ ಸಂದಿ ಒರೆಸಿ, ಪಾದ ಬೆಳ್ಳಗೆ ಸುಕ್ಕಾಗಿ ಜೋಮು ಹಿಡಿದಿದ್ರೆ ಕೈಯಲ್ಲಿ ಮುಚ್ಚಿ ನಿಧಾನ ಬೆಚ್ಚಗೆ ಮಾಡಿ, ಬೆಂಕಿಗೆ ಹಿಡೀಬೇಡಿ, ಜೋಮಲ್ಲಿ ಸುಟ್ರೂ ಗೊತ್ತಾಗಲ್ಲ. ಒಣಗಿದ ಮೇಲೆ ವ್ಯಾಸಲೀನ್, ಆಮೇಲೆ ಆ ಕಾಪಾಡಿಟ್ಟ ಸಾಕ್ಸ್. ಶೂ ಒಳಗಿನ ಅಟ್ಟೆ ತೆಗೆದು ಹಳೇ ಪೇಪರ್ ತುರುಕಿ, ಗಂಟೆ ಬಿಟ್ಟು ಪೇಪರ್ ಬದಲಿಸಿ. ಬೆಂಕಿ ಹತ್ರ ಇಟ್ರೆ ತಳದ ಅಂಟು ಬಿಟ್ಟು ಮರುದಿನ ಸೋಲ್ ಕಿತ್ತು ಬರುತ್ತೆ. ಮಲಗೋವಾಗ ಲೇಸ್ ಪೂರ್ತಿ ಸಡಿಲಿಸಿ, ನಾಲಿಗೆ ಅಗಲ ತೆರೆದು, ಶೂವನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೆಂಟ್ ಒಳಗೆ ಕಾಲಿನ ಹತ್ರ ಇಡಿ, ಹೊರಗೆ ಬಿಟ್ರೆ ಬೆಳಗ್ಗೆ ಕಲ್ಲಾಗಿರುತ್ತೆ, ಕಾಲೇ ಹೋಗಲ್ಲ. ಸ್ವಲ್ಪ ಒದ್ದೆ ಇರೋ ಸಾಕ್ಸನ್ನ ಹಿಂಡಿ ಸ್ಲೀಪಿಂಗ್ ಬ್ಯಾಗ್ ಒಳಗೆ ಹೊಟ್ಟೆ ಮೇಲೆ ಇಟ್ಕೊಂಡ್ರೆ ಬೆಳಗ್ಗೆಗೆ ಒಣಗುತ್ತೆ.

ಬಿಸಿನೀರನ್ನ ಗಟ್ಟಿ ಮುಚ್ಚಳದ ಬಾಟಲಿಗೆ ಹಾಕಿ ಒಳಗೆ ಇಟ್ಕೊಳ್ಳಿ, ರಾತ್ರಿ ಬೆಚ್ಚಗೆ, ಬೆಳಗ್ಗೆ ಹೆಪ್ಪುಗಟ್ಟದ ಕುಡಿಯೋ ನೀರು. ನೀರಿನ ಫಿಲ್ಟರ್, ಫೋನ್, ಪವರ್‌ಬ್ಯಾಂಕ್ ಕೂಡ ಒಳಗೇ, ಸಣ್ಣ ಕೊಳವೆಗಳ ಫಿಲ್ಟರ್ ಒಂದು ಸಲ ಹೆಪ್ಪುಗಟ್ಟಿದ್ರೆ ಹಾಳು, ಹೊರಗಿಂದ ಸರಿ ಕಂಡ್ರೂ ಕೊಳೆ ತಡೆಯಲ್ಲ. ಚಳಿ ಅಂತ ಟೆಂಟ್ ಪೂರ್ತಿ ಮುಚ್ಚಬೇಡಿ, ಉಸಿರಿನ ಹಬೆ ನೀರಾಗಿ ಮೇಲೇ ತೊಟ್ಟಿಕ್ಕುತ್ತೆ.

ವಾಪಸ್ ತಿರುಗೋದು

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಟ್ರೆಕ್‌ನಲ್ಲಿ ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಜನರ ತಂಡ ಕೆಟ್ಟ ಹವಾಮಾನಕ್ಕೆ ಸಿಕ್ಕಿ 9 ಜನ ತೀರಿಕೊಂಡ್ರು. ಇಲ್ಲಿ ನಮ್ಮ ಮನೆಗಳಲ್ಲೂ ಆ ದಿನ ಎಲ್ಲರೂ ಟಿವಿ ಮುಂದೆ ಕೂತಿದ್ವಿ. ಅವರ ನಿರ್ಧಾರಗಳನ್ನ ದೂರದಲ್ಲಿ ಕೂತು ಅಳೆಯೋ ಹಕ್ಕು ನಮಗಿಲ್ಲ, ಆದ್ರೆ ಜೂನ್ ಅಂದ್ರೆ ಬೇಸಿಗೆ ಅನ್ನೋ ನಂಬಿಕೆ ಮಾತ್ರ ಬಿಡಬೇಕು. 4,000 ಮೀಟರ್ ಮೇಲೆ ಜೂನಲ್ಲೂ ಗಾಳಿ, ಹಿಮ, ಒದ್ದೆ ಬಟ್ಟೆ ಮೂರೂ ಸೇರಿದ್ರೆ ಕೆಲವೇ ಗಂಟೆಗಳಲ್ಲಿ ಮೈ ಶಾಖ ಇಳಿಯುತ್ತೆ. ಗುಂಪಿನಲ್ಲಿ ಯಾರಾದ್ರೂ ಮಾತು ತೊದಲ್ತಿದ್ದಾರೆ, ಜಿಪ್ ಹಾಕೋಕೆ ಬೆರಳು ಬರ್ತಿಲ್ಲ, ಎಡವ್ತಿದ್ದಾರೆ, ಸುಮ್ನೆ ಸಿಡುಕ್ತಿದ್ದಾರೆ ಅಂದ್ರೆ ಸುಸ್ತು ಅಂತ ಬಿಡಬೇಡಿ, ಶಾಖ ಇಳೀತಿದೆ. ಗಾಳಿ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು ಒಣದ್ದು ಹಾಕಿ, ನೆಲದಿಂದ ಮ್ಯಾಟ್ ಮೇಲೆ ಎತ್ತಿ, ಸ್ಲೀಪಿಂಗ್ ಬ್ಯಾಗ್‌ನಲ್ಲಿ ಸುತ್ತಿ, ನುಂಗೋಕೆ ಆಗೋ ಸ್ಥಿತಿ ಇದ್ರೆ ಸಿಹಿ ಬಿಸಿನೀರು ಕೊಡಿ. ನಡುಗ್ತಿದ್ದವರು ನಡುಗೋದು ನಿಲ್ಲಿಸಿ ಮಂಕಾದ್ರೆ ಅದು ಇನ್ನೂ ಕೆಟ್ಟ ಸೂಚನೆ, ಅಲುಗಾಡಿಸದೆ ಸಹಾಯ ಕರೆಸಿ, 112ಕ್ಕೆ ಸಿಗ್ನಲ್ ಸಿಗೋ ಜಾಗಕ್ಕೆ ಇಬ್ಬರನ್ನ ಕಳಿಸಿ.

ಗೈಡ್ ಬೇಡ ಅಂದ್ರೆ ಬೇಡ. ದುಡ್ಡು ಕೊಟ್ಟಿದೀವಿ, ಇಷ್ಟು ದೂರ ಬಂದಿದೀವಿ ಅಂತ ಅವರ ಮೇಲೆ ಒತ್ತಡ ಹಾಕಬೇಡಿ, ಆ ಗುಡ್ಡ ದಿನಾ ನೋಡೋರು ಅವರು. ಮನೆಯವರ ಹತ್ರ ದಿನಾವಾರು ಪ್ಲಾನ್, ಟ್ರೆಕ್ ಮುಗಿಯೋ ದಿನ, ಬೇಸ್ ಹಳ್ಳಿಯ ಒಂದು ನಂಬರ್ ಬರೆದು ಕೊಟ್ಟು ಹೋಗಿ, ಮತ್ತೆ ಖಾಲಿ ದಿನ ಎರಡು ಇಟ್ಟಿದೀವಿ, ಅದು ಮುಗಿಯೋ ತನಕ ಫೋನ್ ಬರದಿದ್ರೆ ಗಾಬರಿ ಆಗಬೇಡಿ ಅಂತಲೂ ಹೇಳಿ ಹೋಗಿ.

ವಾಪಸ್ ಬರೋ ಹೊತ್ತಿಗೆ ಪುಣೆ-ಮುಂಬೈಯಲ್ಲಿ ಮಳೆ ಶುರು ಆಗಿರುತ್ತೆ, ಹವೆಯಲ್ಲೇ ನೀರು. ಬ್ಯಾಗ್ ಮೂಲೆಯಲ್ಲಿ ಹಾಗೇ ಬಿಟ್ರೆ ವಾರದಲ್ಲಿ ಬೂಷ್ಟು ಹಿಡಿಯುತ್ತೆ, ಬಂದ ದಿನವೇ ಟೆಂಟ್ ಬಿಚ್ಚಿ ಫ್ಯಾನ್ ಕೆಳಗೆ ಹರಡಿ, ಸ್ಲೀಪಿಂಗ್ ಬ್ಯಾಗನ್ನ ಅದರ ಚಿಕ್ಕ ಚೀಲದಲ್ಲಿ ತುರುಕದೆ ಹಳೇ ದಿಂಬಿನ ಕವರ್‌ನಲ್ಲಿ ಸಡಿಲವಾಗಿ ಹಾಕಿ ಕಪಾಟಿನ ಮೇಲಿನ ಅರೆಯಲ್ಲಿಡಿ, ಶೂನ ಕೆಸರು ತೊಳೆದು ನೆರಳಲ್ಲಿ ಒಣಗಿಸಿ, ಮೈಕ್ರೋಸ್ಪೈಕ್‌ನ ಸರಪಳಿಗೆ ಸ್ವಲ್ಪ ಎಣ್ಣೆ ಒರೆಸಿ ಪೇಪರ್‌ನಲ್ಲಿ ಸುತ್ತಿಡಿ.